ಗಾಲಿಯ ನಡುಕದಿಂದಲೇ ವಿದ್ಯುತ್ತು

ಹುಬ್ಬಳ್ಳಿ ನಿಲ್ದಾಣಕ್ಕೆ ರೈಲು ಬರುವಾಗ ಹಳಿಯ ಎರಡೂ ಬದಿ ನಿಂತು ಗಾಲಿಗಳನ್ನೇ ದಿಟ್ಟಿಸುವ ಸಿಬ್ಬಂದಿಯನ್ನು ನೀವು ಕಂಡಿರಬಹುದು. ಗಾಡಿ ನಿಂತೊಡನೆ ಅವರು ಗಾಲಿಯ ಅಚ್ಚಿನ ತುದಿಯಲ್ಲಿರುವ ಪೆಟ್ಟಿಗೆಗಳ ಬಿಸಿ ಅಳೆಯುತ್ತಾರೆ. ಒಳಗಿನ ಬೇರಿಂಗ್ ಕೆಟ್ಟು ಕಾದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪಬಹುದು.

ನಿಲ್ದಾಣ ದಾಟಿದ ಮೇಲೆ ನೋಡುವವರು ಯಾರು? ಹುಬ್ಬಳ್ಳಿಯಿಂದ ಗೋವೆಗೆ ಹೋಗುವ ಗೂಡ್ಸ್ ಗಾಡಿ ಕ್ಯಾಸಲ್‌ರಾಕ್ ಬಳಿಕ 37 ಅಡಿಗೆ ಒಂದಡಿ ಇಳಿಜಾರಿನ ಘಟ್ಟ ಇಳಿಯಬೇಕು. ಭಾರತೀಯ ರೈಲ್ವೆಯು ಕೆಲವೆಡೆ ಹಳಿಯ ಪಕ್ಕ ಮೈಕ್ರೊಫೋನ್ ಇಟ್ಟು ಬೇರಿಂಗಿನ ಸದ್ದು ಆಲಿಸುತ್ತದೆ. ಆದರೆ ಗಾಡಿ ಆ ಸ್ಥಳ ದಾಟುವಾಗ ಮಾತ್ರ ಅದು ಕೇಳಬಲ್ಲದು.

ಬೇರಿಂಗ್ ಕಾಯುವುದಕ್ಕೆ ಎಷ್ಟೋ ಮೊದಲೇ ಅದರ ನಡುಕದ ರೀತಿ ಬದಲಾಗುತ್ತದೆ. ಪ್ರತಿ ಪೆಟ್ಟಿಗೆಗೂ ಕಂಪನ ಅಳೆಯುವ ಸೆನ್ಸರ್ ಕೂರಿಸಿದರೆ ಸುದ್ದಿ ಬೇಗ ಸಿಕ್ಕೀತು. ಆದರೆ ಗೂಡ್ಸ್ ವ್ಯಾಗನ್ನಿನಲ್ಲಿ ವಿದ್ಯುತ್ ಎಲ್ಲಿದೆ? ವ್ಯಾಗನ್ನಿಗೆ 8 ಬೇರಿಂಗ್. 58 ವ್ಯಾಗನ್ನುಗಳ ಗಾಡಿಗೆ 464. ಅಷ್ಟಕ್ಕೂ ಬ್ಯಾಟರಿ ಬದಲಿಸುತ್ತ ಕೂರುವುದು ಆಗದ ಮಾತು.

ಇದಕ್ಕೆ ತಂತ್ರಜ್ಞರು ನಡುಕವನ್ನೇ ಬಳಸಿಕೊಂಡರು. ಸ್ಪ್ರಿಂಗಿಗೆ ಕಟ್ಟಿದ ಅಯಸ್ಕಾಂತ ತಂತಿಸುರುಳಿಯ ಬಳಿ ಕುಣಿದರೆ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ತತ್ವವಿದು. ಸೈಕಲ್ ಡೈನಮೊ ನಡೆಯುವುದೂ ಇದರಿಂದಲೇ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಪತ್ತೆ ಮಾಡಿದರು. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ ಅದರ ಫಲ.

ಹೀಗೆ ದೊರೆಯುವುದು ಕೆಲವೇ ಮಿಲಿವ್ಯಾಟ್. 9 ವ್ಯಾಟಿನ ಬಲ್ಬಿಗೆ ಇದು ಯಾತಕ್ಕೂ ಸಾಲದು. ಆದರೆ ಸೆನ್ಸರ್ ಹೆಚ್ಚು ಹೊತ್ತು ನಿದ್ರಿಸಿ, ಆಗಾಗ ಎಚ್ಚೆತ್ತು, ಅಳೆದು, ರೇಡಿಯೊ ಮೂಲಕ ಸುದ್ದಿ ಕಳಿಸಿ ಮತ್ತೆ ಮಲಗುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2004ರಲ್ಲಿ ಹುಟ್ಟಿದ ಪರ್ಪೆಚುಯಮ್ ಕಂಪನಿ ಅಲ್ಲಿನ ರೈಲುಗಳಿಗೆ ಇಂಥ ಸಾಧನ ಅಳವಡಿಸಿತು. 2021ರಲ್ಲಿ ಅದನ್ನು ಹಿಟಾಚಿ ರೈಲ್ ಕೊಂಡಿತು.

ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳ ಮೋಟಾರುಗಳಿಗೂ ಈ ವಿದ್ಯೆ ಒಗ್ಗುತ್ತದೆ. ನಮ್ಮ 50 ಸೈಕಲ್ ವಿದ್ಯುತ್ತಿನಲ್ಲಿ ಓಡುವ ಮೋಟಾರಿನ ಮೈ ಸೆಕೆಂಡಿಗೆ 100 ಸಲ ನಡುಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಅದೇ ಲಯಕ್ಕೆ ಹೊಂದಿಸಿದ ಸ್ಪ್ರಿಂಗ್ ಜೋರಾಗಿ ಕುಣಿಯುತ್ತದೆ. ಲಯ ತಪ್ಪಿದರೆ ವಿದ್ಯುತ್ ಇಳಿಯುತ್ತದೆ. ಯಂತ್ರ ನಿಂತರೆ ಹೊಸ ವಿದ್ಯುತ್ತೇ ಇಲ್ಲ. ಪಕ್ಕದಲ್ಲೇ ವಿದ್ಯುತ್ ತಂತಿ ಇರುವ ಕಡೆ ಇದಕ್ಕೆ ಹಣ ಸುರಿಯಬೇಕಾಗಿಯೂ ಇಲ್ಲ.

ಬಂದ ಸುದ್ದಿಯನ್ನು ನೋಡಿ ಗಾಡಿ ನಿಲ್ಲಿಸುವುದೋ, ಬೇರಿಂಗ್ ಬಿಚ್ಚುವುದೋ ಎಂದು ತೀರ್ಮಾನಿಸಲು ಅನುಭವಸ್ಥರೇ ಬೇಕು. ಹಳಿಯ ಪಕ್ಕ ನಿಂತವರ ಕಣ್ಣಿಗೆ, ಕಿವಿಗೆ ನಿಲುಕದ ಘಟ್ಟದ ಹಾದಿಯಲ್ಲಿ ಅವರಿಗೊಂದು ನೆರವು ಸಿಕ್ಕಂತಾಯಿತು, ಅಷ್ಟೆ.