ಕಾರಿನ ಕಿಟಕಿಯ ರಬ್ಬರ್ ಪಟ್ಟಿ

ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗದಲ್ಲಿ ಮುಂಗಾರಿಗೆ ಮುನ್ನ ಮಾಡಿನ ಹೆಂಚುಗಳನ್ನು ಕೈಯಾಡಿಸುವುದು ಹಿಂದಿನಿಂದ ಬಂದ ರೂಢಿ. ಆದರೆ ಮನೆಯ ಮುಂದೆ ನಿಂತಿರುವ ಕಾರಿನ ವಿಷಯದಲ್ಲಿ ನಮಗೆ ಅಷ್ಟು ಎಚ್ಚರವಿರುವುದಿಲ್ಲ. ವಿದ್ಯಾನಗರದ ನಮ್ಮ ಮನೆಯೆದುರು ನಿಲ್ಲುವ ಹಳೆಯ ಕಾರಿನಲ್ಲಿ, ಮಳೆಗಾಲದ ಒಂದು ಮುಂಜಾನೆ, ಎಡಬದಿಯ ಮುಂದಿನ ಆಸನದ ಕಾಲಬಳಿ ನೀರು ನಿಂತಿತ್ತು. ಒಳಗೆಲ್ಲ ಮುಗ್ಗಲು ವಾಸನೆ. ನಾಲ್ಕು ಬಾಗಿಲುಗಳ ರಬ್ಬರನ್ನೂ ಬದಲಿಸಬೇಕೆಂದು ಗ್ಯಾರೇಜಿನಲ್ಲಿ ಹೇಳಿದರು. ಅಷ್ಟು ಹಣ ವ್ಯಯಿಸುವುದಕ್ಕೆ ಮೊದಲು ನೀರು ಬಂದ ದಾರಿಯನ್ನು ಕಂಡುಕೊಳ್ಳುವುದು ಲೇಸೆಂದು ನಾವು ಪರೀಕ್ಷೆಗೆ ತೊಡಗಿದೆವು.

ಕಾರಿನ ಬಾಗಿಲಿನೊಳಕ್ಕೆ ಒಂದು ಹನಿ ನೀರೂ ಇಳಿಯಬಾರದೆಂದು ಹಲವರು ಭಾವಿಸಿರುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಬಾಗಿಲೆಂಬುದು ತಗಡಿನ ಒಂದು ಟೊಳ್ಳು ಪೆಟ್ಟಿಗೆ. ಗಾಜು ಅದರೊಳಕ್ಕೆ ಇಳಿಯಬೇಕಾದುದರಿಂದ ಮೇಲೆ ಒಂದು ಸೀಳು ಇರಲೇಬೇಕು. ಆ ಸೀಳಿನ ಹೊರ ಅಂಚಿನಲ್ಲಿರುವ ಪಟ್ಟಿಯು ಗಾಜನ್ನು ಒರೆಸಿ ಹೆಚ್ಚಿನ ನೀರನ್ನು ಹೊರಗೇ ತಡೆಯುತ್ತದೆ. ಅದನ್ನು ದಾಟಿದ ನೀರು ಬಾಗಿಲಿನ ಒಳಗೆ ಇಳಿದು, ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ಇನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ, ಮೆಕ್ಯಾನಿಕರು ‘ಬೀಡಿಂಗ್’ ಎಂದು ಕರೆಯುವ ಟೊಳ್ಳು ರಬ್ಬರು ಇದೆ. ಬಾಗಿಲು ಮುಚ್ಚಿದಾಗ ಇದು ಅದುಮಿಕೊಂಡು ಸಂದನ್ನು ತುಂಬುತ್ತದೆ. ಹೀಗೆ ಒರೆಸುವ ಪಟ್ಟಿ, ಹರಿದುಹೋಗುವ ರಂಧ್ರ, ಮುಚ್ಚುವ ಬೀಡಿಂಗ್ ಈ ಮೂರರಲ್ಲಿ ಯಾವುದು ಕೆಟ್ಟಿದೆಯೆಂಬುದೇ ಮೊದಲ ಪ್ರಶ್ನೆ.

ರಬ್ಬರು ಏಕೆ ಕೆಡುತ್ತದೆ? ಸುಳ್ಯದ ತೋಟಗಳಲ್ಲಿ ಮರದಿಂದ ಇಳಿಸುವ ರಬ್ಬರು ಹಾಲಿನಲ್ಲಿ ಇಂಗಾಲ ಮತ್ತು ಜಲಜನಕಗಳಿಂದಾದ ಬಹು ಉದ್ದದ ಅಣುಸರಪಳಿಗಳಿವೆ. ಇವು ಒಂದರ ಮೇಲೊಂದು ಜಾರಿಹೋಗದಂತೆ ಗಂಧಕದ ಕೊಂಡಿಗಳಿಂದ ಬಿಗಿಯುವ ವಿಧಾನವನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದನು. ಹಿಗ್ಗಿಸಿದ ರಬ್ಬರು ಮತ್ತೆ ಮೊದಲಿನಂತಾಗಲು ಈ ಕೊಂಡಿಗಳೇ ಕಾರಣ. ಆದರೆ ಗಾಳಿಯಲ್ಲಿರುವ ಅತ್ಯಲ್ಪ ಓಜೋನ್ ಸಹ ಈ ಸರಪಳಿಯ ಜೋಡಿಬಂಧಗಳನ್ನು ಕತ್ತರಿಸಬಲ್ಲುದು. ರಬ್ಬರು ಎಳೆದುಕೊಂಡಿರುವ ಸ್ಥಳಗಳಲ್ಲಿ, ಎಳೆತಕ್ಕೆ ಅಡ್ಡವಾಗಿ ಬಿರುಕುಗಳು ಮೂಡುತ್ತವೆ. ಎಥಿಲೀನ್ ಮತ್ತು ಪ್ರೊಪಿಲೀನ್‌ಗಳಿಂದ ತಯಾರಾಗುವ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಅಂತಹ ಜೋಡಿಬಂಧಗಳಿಲ್ಲ. ಆದುದರಿಂದಲೇ ಇಂದಿನ ಬೀಡಿಂಗ್‌ಗಳಿಗೆ ಅದನ್ನು ಹೆಚ್ಚಾಗಿ ಬಳಸುತ್ತಾರೆ. ಆದರೂ ವರ್ಷಗಟ್ಟಲೆ ಬಿಸಿಲಿನಲ್ಲಿ ಅದುಮಿಕೊಂಡೇ ಇದ್ದ ರಬ್ಬರು ತನ್ನ ಪುಟಿತವನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ.

ಚಪ್ಪಟೆಯಾದ ಪಟ್ಟಿಯ ಬಳಿ ಉಳಿಯುವ ಸಂದು ಕೂದಲೆಳೆಯಷ್ಟೇ ಇರಬಹುದು. ಆದರೆ ಕಿರಿದಾದ ಸಂದು ನೀರನ್ನು ತಾನೇ ಸೆಳೆಯುತ್ತದೆಂಬುದನ್ನು ಮರೆಯಬಾರದು. 1 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿದ ಎರಡು ಶುಭ್ರವಾದ ಗಾಜಿನ ಹಲಗೆಗಳ ನಡುವೆ ನೀರು ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ. ಅಂತರವು ಅದರ ಹತ್ತನೆಯ ಒಂದು ಪಾಲಾದರೆ ಸುಮಾರು 15 ಸೆಂಟಿಮೀಟರ್ ಏರುತ್ತದೆ. ಹೊಸ ರಬ್ಬರಿಗೆ ನೀರು ಸುಲಭವಾಗಿ ಅಂಟದು. ದೂಳು ಕೂತ ರಬ್ಬರಿಗಾದರೋ ಅಂಟುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೂ ಒಂದು ದುರಸ್ತಿಯೇ ಎಂದು ಇದರಿಂದ ತಿಳಿಯುತ್ತದೆ.

ಪರೀಕ್ಷೆಗೆ ಬೇಕಾದ ಸಾಧನಗಳು ಅಲ್ಪ. ಕಾಗದದ ಒಂದು ಪಟ್ಟಿಯನ್ನು ಬಾಗಿಲ ಸಂದಿನಲ್ಲಿಟ್ಟು ಬಾಗಿಲನ್ನು ಮುಚ್ಚಿ ಎಳೆಯಬೇಕು. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರು ಗಟ್ಟಿಯಾಗಿದೆ. ತಡೆಯಿಲ್ಲದೆ ಜಾರಿದರೆ ಅಲ್ಲಿ ದೋಷವಿದೆ. ಆಮೇಲೆ ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತಿರಲು, ಮತ್ತೊಬ್ಬರು ಹೊರಗಿನಿಂದ ಕೆಳಭಾಗಕ್ಕೆ ಮೊದಲು, ಮೇಲ್ಭಾಗಕ್ಕೆ ಅನಂತರ, ನಿಧಾನವಾಗಿ ನೀರು ಸುರಿಯಬೇಕು. ನಮ್ಮ ಕಾರಿನಲ್ಲಿ ಎಡಬಾಗಿಲಿನ ತಳದ ರಂಧ್ರಗಳು ಎಲೆ ಮಣ್ಣುಗಳಿಂದ ಕಟ್ಟಿಹೋಗಿದ್ದವು. ಪೊರಕೆಯ ಕಡ್ಡಿಯೊಂದನ್ನು ಆಡಿಸಿದೊಡನೆ ಕೆಂಪು ನೀರು ಧಾರೆಯಾಗಿ ಸುರಿಯಿತು. ಜೊತೆಗೆ ಅದೇ ಬಾಗಿಲಿನ ಬೀಡಿಂಗ್ ಮೇಲ್ಮೂಲೆಯಲ್ಲಿ ಚಪ್ಪಟೆಯಾಗಿತ್ತು. ಉಳಿದ ಮೂರು ಬಾಗಿಲುಗಳು ಸುಸ್ಥಿತಿಯಲ್ಲಿದ್ದವು.

ಬದಲಿಸುವಾಗ ಹಳೆಯ ರಬ್ಬರಿನ ಒಂದು ಅಂಗುಲದ ತುಂಡನ್ನು ಅಂಗಡಿಗೆ ಒಯ್ದು, ಅಡ್ಡಕೊಯ್ತದ ಆಕಾರವನ್ನು ಹೋಲಿಸಿ ಕೊಳ್ಳಬೇಕು. ದಪ್ಪವಾದುದೇ ಮೇಲೆಂಬ ಭ್ರಮೆ ಬೇಡ. ಬಾಗಿಲು ಹಾಕಿಕೊಳ್ಳದೆ, ಬಡಿದು ಮುಚ್ಚಬೇಕಾಗುತ್ತದೆ. ಉದ್ದವನ್ನು ಹುರಿಯಿಂದ ಅಳೆದು, ಒಂದಿಷ್ಟು ಹೆಚ್ಚಾಗಿಯೇ ಕೊಳ್ಳಬೇಕು. ತಳದ ಮಧ್ಯದಿಂದ ಆರಂಭಿಸಿ, ಸುತ್ತಲೂ ಒತ್ತುತ್ತ ಬಂದು, ಎರಡು ತುದಿಗಳೂ ತಳದಲ್ಲಿಯೇ ಒಂದನ್ನೊಂದು ಒತ್ತುವಂತೆ ಕತ್ತರಿಸಬೇಕು. ಮೊದಲ ಸಲ ನಾವು ಉದ್ದ ಸಾಲದೆ ಪಟ್ಟಿಯನ್ನು ಎಳೆದೆಳೆದು ಕೂರಿಸಿದೆವು. ಕೆಲವೇ ದಿನಗಳಲ್ಲಿ ಅದು ಕುಗ್ಗಿ ಮೂಲೆಯನ್ನು ಬಿಟ್ಟಿತು. ನೀರೂ ಮತ್ತೆ ಬಂದಿತು. ಎರಡನೆಯ ಸಲ ಮತ್ತೊಂದು ಉದ್ದ ಕೊಂಡು, ಎಳೆಯದೆ ಕೂರಿಸಿದ ಮೇಲೆ ಕೆಲಸ ನಿಂತಿತು. ಗಾಜಿನ ಅಂಚಿನ ಪಟ್ಟಿಯು ಗಟ್ಟಿಯಾಗಿ ಮರಳಿನ ಕಣಗಳನ್ನು ಹಿಡಿದಿದ್ದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ಅದನ್ನೂ ಬದಲಿಸಬೇಕು. ಕಳಚುವಾಗ ಸ್ಕ್ರೂಡ್ರೈವರಿನಿಂದ ಮೀಟದೆ, ಬಟ್ಟೆ ಸುತ್ತಿದ ಮರದ ಚಕ್ಕೆಯನ್ನು ಬಳಸಿದರೆ ಬಣ್ಣ ಕೆಡದು. ರಬ್ಬರಿಗೆ ಸೀಮೆಎಣ್ಣೆ, ಎಂಜಿನ್ ಎಣ್ಣೆಗಳನ್ನು ಸವರುವುದು ತಪ್ಪು. ಖನಿಜ ತೈಲಗಳಲ್ಲಿ ಇ.ಪಿ.ಡಿ.ಎಂ. ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು.

ಇಷ್ಟೆಲ್ಲ ಶ್ರಮ ಒಂದು ಪಟ್ಟಿಗೇ? ಅಲ್ಲ, ಬಾಗಿಲಿನ ಉಕ್ಕಿಗೆ. ನಮ್ಮ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣವನ್ನು ತೆಗೆಯುತ್ತಿತ್ತು. ಆ ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ; ಕುಲುಮೆಯ ಕೆಲಸವೆಂದರೆ ಆ ಆಮ್ಲಜನಕವನ್ನು ಬೇರ್ಪಡಿಸುವುದು. ಬಾಗಿಲಿನ ತಳದಲ್ಲಿ ನಿಂತ ನೀರು ಅದನ್ನೇ ಹಿಂತಿರುಗಿಸಿ ಉಕ್ಕನ್ನು ಮತ್ತೆ ಕೆಮ್ಮಣ್ಣಿನ ಬಂಧುವಾಗಿ ಮಾಡುತ್ತದೆ. ತಗಡು ತೂತಾದ ಮೇಲೆ ಬೆಸುಗೆ ಹಾಕಿಸಿ ಬಣ್ಣ ಹೊಡೆಸುವ ವೆಚ್ಚವು ರಬ್ಬರಿನ ಬೆಲೆಗಿಂತ ಬಹುಪಾಲು ಹೆಚ್ಚು. ಆದುದರಿಂದ ವಾಚಕರು ಮುಂಗಾರು ಬರುವುದಕ್ಕೆ ಮೊದಲ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಲಿ. ಕಾಗದದ ಪಟ್ಟಿಯೂ ಪೊರಕೆಯ ಕಡ್ಡಿಯೂ ಎಲ್ಲರ ಮನೆಯಲ್ಲಿಯೂ ಇರುತ್ತವೆ.