ಶಾಸನದ ಕೊನೆಯ ಸಾಲು ಮತ್ತು ಹಳೆ ಮನೆಯ ಮೆಟ್ಟಿಲು

ಕಿತ್ತೂರಿಗೆ ಹೋದವರೆಲ್ಲ ಕೋಟೆಯೊಳಗಿನ ವಾಡೆ ನೋಡಿ ಬರ್ತಾರೆ. ಧ್ರುವ ನಕ್ಷತ್ರ ನೋಡೋಕೆ ಗೋಡೆಯಲ್ಲಿ ಬಿಟ್ಟ ಕಿಂಡಿ, ಸ್ನಾನದ ಕೋಣೆ, ನೀರು ಹರಿದ ಜಾಡು ಇವತ್ತಿಗೂ ಇವೆ. ಚಾವಣಿ ಇಲ್ಲ, ಕಂಬ ತೊಲೆಗಳೂ ಇಲ್ಲ. ಚೆನ್ನಮ್ಮ ರಾಣಿಯ ಅರಮನೆಯ ಸ್ಥಿತಿಯೇ ಇದಾದರೆ, ಅದೇ ಸೀಮೆಯ ರೈತರ, ಗಾಣಿಗರ ಮಣ್ಣಿನ ಮಾಳಿಗೆಗಳು ಉಳಿದಾವೇ? ಮೇಲ್ಮುದ್ದೆಗೆ ಕಾಲಕಾಲಕ್ಕೆ ಮಣ್ಣು ಹಾಕದಿದ್ದರೆ ಮನೆ ಕೂತಂತೆಯೇ. ಹಾಗಾಗಿ ನಮ್ಮಲ್ಲಿ ಎಂಟುನೂರು ವರ್ಷದ ಗುಡಿ ಸಿಗುತ್ತದೆ, ಅಷ್ಟು ಹಳೆಯ ಮನೆ ಸಿಗೋದಿಲ್ಲ.

ಆದರೆ ಆ ಮನೆಗಳ ಸುದ್ದಿ ಶಾಸನದಲ್ಲಿದೆ. ನಾವು ಹುಡುಕುವ ಜಾಗ ತಪ್ಪು, ಅಷ್ಟೆ. ಅರಸನ ಬಿರುದು, ವಂಶಾವಳಿ ಓದಿ ಸುಸ್ತಾಗಿ ಕೊನೆಯ ಸಾಲುಗಳನ್ನು ಬಿಟ್ಟುಬಿಡುತ್ತೇವೆ. ದಾನ ಕೊಟ್ಟ ಮನೆ, ನಿವೇಶನ, ತೋಟ, ಗಾಣ, ಹೊಲದ ಎಲ್ಲೆ, ಅಳೆದ ಗಳೆಯ ಹೆಸರು ಬರೋದು ಅಲ್ಲೇ. ಮತ್ತರು, ಕಮ್ಮ ಎಂಬ ಅಳತೆಗಳೂ ಅಲ್ಲೇ. ಈಗಿನ ಉತಾರ ಇದ್ದಂತೆ ನೋಡ್ರಿ, ಕಾಗದದ ಬದಲು ಕಲ್ಲು. ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ಸಾವಿರ ಮಹಾಜನರ ಅಗ್ರಹಾರವಾಗಿದ್ದ ಪೂಲಿ, ಅಂದರೆ ಹೂಲಿ, ಇವೆರಡರ ಶಾಸನಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು.

ಆಸ್ತಿಯ ಹಕ್ಕು ಎಂಥ ಗಂಭೀರ ವಿಷಯವಾಗಿತ್ತು ಅನ್ನೋದಕ್ಕೆ ಕಿತ್ತೂರಿನದೇ ಶಾಸನ ಇದೆ. ಗೋವೆಯ ಕದಂಬರ ಮುಮ್ಮಡಿ ಜಯಕೇಶಿಯ ಕಾಲದ್ದು. ಕಾಲ ಕಲಿಯುಗ ವರ್ಷ 4289, ಅಂದರೆ ಕ್ರಿ.ಶ. 1188ರ ಸುಮಾರು. (ಈ ಕದಂಬರು ಶಕವರ್ಷ ಬಿಟ್ಟು ಕಲಿಯುಗದ ಲೆಕ್ಕ ಹಿಡಿಯುತ್ತಿದ್ದುದುಂಟು. ಹೊಸಬರು ಇಲ್ಲಿ ಎಡವುತ್ತಾರೆ.) ಶಿವಶಕ್ತಿ, ಕಲ್ಯಾಣಶಕ್ತಿ ಎಂಬ ಇಬ್ಬರು ಆಚಾರ್ಯರ ನಡುವೆ ಒಂದು ಹೊಲಕ್ಕಾಗಿ ವ್ಯಾಜ್ಯ. ತೀರ್ಮಾನವಾದದ್ದು ಫಾಲದಿವ್ಯದಿಂದ. ಕಾದ ನೇಗಿಲಗುಳವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಬೇಕು, ಆಮೇಲೆ ಅಂಗೈ ಪರೀಕ್ಷೆ. ಯುದ್ಧದ ವರ್ಣನೆ ಇಲ್ಲದ ಈ ಕಲ್ಲು ಊರಿನ ಬದುಕನ್ನು ಎಷ್ಟೋ ವೀರಗಲ್ಲುಗಳಿಗಿಂತ ಹೆಚ್ಚು ಹೇಳುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಮುಂದೆ ದೇಸಾಯರ, ಸಂಸ್ಥಾನಿಕರ ಕಾಲಕ್ಕೆ ಇಂಥ ಲೆಕ್ಕವೆಲ್ಲ ದಫ್ತರದ ಕಾಗದಕ್ಕೆ ಹೋಯಿತು. ಭಾವೆ ಮನೆತನದ ರಾಮದುರ್ಗ ಸಂಸ್ಥಾನದಂಥ ಕಡೆ ಅದನ್ನು ಓದಲು ಹಳಗನ್ನಡ ಸಾಲದು, ಮೋಡಿ ಲಿಪಿಯೂ ಬೇಕು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಶಿಕ್ಷಣಕ್ಕೆ ಬಿಟ್ಟರು. ಶಿರಸಂಗಿಯ ವಾಡೆ ನೋಡುವಾಗ ಆ ಮೃತ್ಯುಪತ್ರವನ್ನೂ ದಾನಶಾಸನದ ಸಾಲಿನಲ್ಲೇ ಇಟ್ಟು ನೋಡಬಹುದು.

ಈಗ ಬೈಲಹೊಂಗಲ, ಸವದತ್ತಿ ಕಡೆ ಹಳೆ ಮನೆ ಕೆಡವಿ ಆರ್‌ಸಿಸಿ ಹಾಕುವ ಭರಾಟೆ. ಕಟ್ಟಬೇಡಿ ಅನ್ನೋಕೆ ನಾವ್ಯಾರು? ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಇರೋರು ಅವರು. ಆದರೆ ಹಾಳಾದ ಗುಡಿಯ ಕಲ್ಲುಗಳು ಮನೆಯ ಅಡಿಪಾಯ, ಮೆಟ್ಟಿಲು, ಬಟ್ಟೆ ಒಗೆಯುವ ಬಂಡೆಗಳಾಗಿ ಸೇರಿಕೊಂಡಿರುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಜೆಸಿಬಿ ಬಂದರೆ ಅರ್ಧ ದಿನದಲ್ಲಿ ಎಲ್ಲ ಮಣ್ಣುಪಾಲು.

ಅಕ್ಷರವಿರುವ ಕಲ್ಲು ಕಂಡರೆ ಉಳಿ, ತಂತಿ ಬ್ರಷ್, ಬಣ್ಣ ಮುಟ್ಟಿಸಬೇಡಿ. ನೀರು, ಮೆತ್ತನೆ ಬ್ರಷ್ ಸಾಕು. ಫೋಟೋವನ್ನು ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ. ನಡುಮಧ್ಯಾಹ್ನ ಅಕ್ಷರ ಕಣ್ಣಿಗೆ ಬೀಳೋದಿಲ್ಲ. ಕಲ್ಲು ಯಾವ ಗೋಡೆಯಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅಗಲ ಎತ್ತರ ಎಷ್ಟು, ಬರೆದಿಟ್ಟುಕೊಳ್ಳಿ. ಮೆಟ್ಟಿಲ ಕಲ್ಲು ಕಿತ್ತರೆ ಅದರ ತಳಭಾಗವನ್ನೂ ಒಮ್ಮೆ ಮಗುಚಿ ನೋಡಿ. ತುಳಿಯೋಕೆ ನುಣುಪಾದ ಮೈ ಬೇಕು, ಹಾಗಾಗಿ ಅಕ್ಷರದ ಮೈ ಕೆಳಗೆ ಹೋಗಿರುತ್ತದೆ.