ಬಂದೂಕಿನ ನಳಿಗೆ

ಹಂಪೆಯಿಂದ ದಂಡೆತ್ತಿ ಹೋದ ಕೃಷ್ಣದೇವರಾಯನು 1520ರಲ್ಲಿ ರಾಯಚೂರನ್ನು ಮುತ್ತಿದಾಗ, ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡಹಿದರೆಂದು ನೂನಿಜನು ಬರೆದಿರುವನು. ಆ ನಳಿಗೆಗಳ ಒಳಮೈ ನುಣುಪು. ರೈಫಲಿನದು ಹಾಗಲ್ಲ, ಅದರೊಳಗಣ ಸುರುಳಿಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುವು, ತಿರುಗುವ ಗುಂಡು ಓಲಾಡದೆ ಸಾಗುವುದು. ಮದ್ದಿನ ಬಿಸಿ ಅನಿಲವು ಮೊದಲು ಕೊರೆಯುವುದು ತೋಟಾ ಕೂರುವೆಡೆಯ ಮುಂದಣ ಗೀರುಗಳನ್ನೇ. ಅವು ಸವೆದ ಮೇಲೆ ಗುರಿಕಾರನ ಕಣ್ಣನ್ನು ದೂರಿ ಫಲವಿಲ್ಲ, ನಳಿಗೆಯನ್ನೇ ಬದಲಿಸಬೇಕು. ಹೊಸದರ ಬಾಯಂಚು ಸುತ್ತಲೂ ಸಮನಾಗಿರಬೇಕು. ಮರದ ಹಿಡಿಯು ಅದನ್ನು ಒತ್ತಬಾರದು. ಇವು ಗುರಿಯ ಮಾತಾದುವು. ತೋಟಾಕ್ಕೂ ಬೋಲ್ಟಿಗೂ ನಡುವಣ ಎಡೆ ಮಿತಿಮೀರಿತೋ, ಹಿತ್ತಾಳೆ ಸೀಳಿ ಅನಿಲವು ಹೊಡೆಯುವವನ ಮುಖಕ್ಕೇ ನುಗ್ಗಬಹುದು. ಆದುದರಿಂದ ಇದನ್ನು ಊರ ಕಮ್ಮಾರನ ಕೈಗೆ ಕೊಡುವುದನ್ನು ನಾವು ಒಪ್ಪೆವು. 1959ರ ಆಯುಧ ಕಾಯಿದೆಯೂ ಪರವಾನಗಿಯುಳ್ಳವನಿಗೆ ಮಾತ್ರ ಈ ಕೆಲಸವನ್ನು ಬಿಟ್ಟಿದೆ.